ಮೂಲೆಗೂ ಗೋಡೆ ಬೇಕಲ್ಲ

ಹೋದ ಮಳೆಗಾಲದಲ್ಲಿ ಶಿರಸಿ ಸೀಮೆಯ ಒಂದು ಹೈಸ್ಕೂಲಿಗೆ ಆಕಾಶದ ಬಗ್ಗೆ ಮಾತಾಡಲು ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ಗೋಡೆಗೆ ಬಿಳಿ ಪಂಚೆ ಕಟ್ಟಿ ಚಿತ್ರ ತೋರಿಸಿ ಮಾತು ಮುಗಿಸಿದೆ. ಪ್ರಶ್ನೆ ಇದ್ದರೆ ಕೇಳಿ ಎಂದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನಮ್ಮ ಭೂಮಿ ಬ್ರಹ್ಮಾಂಡದ ನಡುವೆ ಇದೆಯಾ, ಮೂಲೆಯಲ್ಲಿದೆಯಾ?" ಎಷ್ಟೋ ವರ್ಷಗಳಿಂದ ಹೇಳುತ್ತ ಬಂದ ಉತ್ತರವನ್ನೇ ಅವಳಿಗೂ ಹೇಳಿದೆ: "ನಡುವೆ ಅಲ್ಲಮ್ಮ, ಎಲ್ಲೋ ಒಂದು ಮೂಲೆಯಲ್ಲಿದೆ." ಅವಳು ಕೂರಲಿಲ್ಲ. ಸ್ವಲ್ಪ ಯೋಚಿಸಿ ಕೇಳಿದಳು: "ಮೂಲೆ ಅಂದ್ರೆ ಗೋಡೆ ಇರಬೇಕಲ್ಲ ಸರ್?"

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಪದೇ ಪದೇ ಕಾಣುವ ಪ್ರಶ್ನೆಯೂ ಇದೇ. ಭೂಮಿಗೆ ಏನಾದರೂ ವಿಶೇಷ ಸ್ಥಾನ ಇದೆಯೇ? ಕೆಲವರು ಹೆಮ್ಮೆಯಿಂದ ಕೇಳುತ್ತಾರೆ, ಇದ್ದೇ ಇರಬೇಕು ಎಂಬ ನಂಬಿಕೆಯಲ್ಲಿ. ಇನ್ನು ಕೆಲವರ ಬರಹದಲ್ಲಿ ನೋವಿರುತ್ತದೆ, ವಿಜ್ಞಾನ ಬಂದು ನಮ್ಮನ್ನು ಧೂಳಿನ ಕಣ ಮಾಡಿಬಿಟ್ಟಿತು ಎಂದು. ಇಬ್ಬರಿಗೂ ನಾನು ಆ "ಮೂಲೆ"ಯ ಉತ್ತರವನ್ನೇ ಕೊಡುತ್ತಿದ್ದೆ. ಆ ಉತ್ತರ ತಪ್ಪು ಎಂದು ಹುಡುಗಿ ಒಂದೇ ಮಾತಿನಲ್ಲಿ ತೋರಿಸಿಕೊಟ್ಟಳು. ಅವಳಿಗೆ ಕೊಡಬೇಕಾಗಿದ್ದ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂದು ಸಂಜೆ ಶಿರಸಿಯಿಂದ ಕುಮಟೆಗೆ ಇಳಿಯುವಾಗ ದೇವಿಮನೆ ಘಟ್ಟದಲ್ಲಿ ಮಂಜು ಕವಿದಿತ್ತು. ಕಾರು ನಿಲ್ಲಿಸಿ ಕೆಳಗಿಳಿದೆ. ಸುತ್ತಲೂ ಇಪ್ಪತ್ತು ಮಾರು ದೂರದವರೆಗೆ ಮರಗಳು ಕಾಣುತ್ತವೆ, ಆಚೆಗೆ ಬರೀ ಬಿಳುಪು. ನಾಲ್ಕು ಹೆಜ್ಜೆ ಮುಂದೆ ನಡೆದರೆ ಆ ದುಂಡನೆಯ ಬಯಲೂ ನನ್ನ ಜೊತೆಗೇ ನಡೆಯುತ್ತದೆ. ಎಲ್ಲಿ ನಿಂತರೂ ಸರಿಯಾಗಿ ನಡುವೆ ನಾನೇ. ಖಗೋಳ ವಿಜ್ಞಾನದ ಇತಿಹಾಸದಲ್ಲಿ ಮನುಷ್ಯ ತಾನು ನಡುವೆ ಇದ್ದೇನೆಂದು ಅಂದುಕೊಂಡ ಒಂದು ದೊಡ್ಡ ಸಂದರ್ಭ ಹುಟ್ಟಿದ್ದು ಇಂಥದೇ ಮಂಜಿನಿಂದ, ಅದೂ ಕೋಪರ್ನಿಕಸ್ ಬಂದುಹೋದ ಮೇಲೆ.

ಕೋಪರ್ನಿಕಸ್ ಕತೆ ಎಲ್ಲರಿಗೂ ಗೊತ್ತು. 1543ರಲ್ಲಿ ಅವನ ಪುಸ್ತಕ ಬಂತು, ಭೂಮಿಯ ಜಾಗಕ್ಕೆ ಸೂರ್ಯ ಬಂದ. ಅದಕ್ಕೂ ಸಾವಿರ ವರ್ಷ ಮೊದಲೇ, 499ರಲ್ಲಿ, ಆರ್ಯಭಟ ಭೂಮಿ ತನ್ನ ಸುತ್ತ ತಾನು ತಿರುಗುತ್ತದೆ ಎಂದು ಬರೆದಿದ್ದ. ದೋಣಿಯಲ್ಲಿ ಹೋಗುವವನಿಗೆ ದಡವೇ ಹಿಂದಕ್ಕೆ ಸರಿದಂತೆ ಕಾಣುವ ಹೋಲಿಕೆ ಕೊಟ್ಟಿದ್ದ. ಸೂರ್ಯನನ್ನು ನಡುವೆ ಕೂರಿಸುವವರೆಗೆ ಅವನು ಹೋಗಲಿಲ್ಲ. ನಾನು ಹೇಳಬೇಕೆಂದಿರುವುದು ಇವರಿಬ್ಬರ ನಂತರ ಬಂದ ವಿಲಿಯಂ ಹರ್ಷೆಲ್‌ನ ಕತೆ.

ಹರ್ಷೆಲ್ ಇಂಗ್ಲೆಂಡಿನಲ್ಲಿ ತನ್ನ ಕೈಯಾರೆ ತಯಾರಿಸಿದ ದೂರದರ್ಶಕವನ್ನು ಆಕಾಶದ ಆರುನೂರಕ್ಕೂ ಹೆಚ್ಚು ಜಾಗಗಳತ್ತ ತಿರುಗಿಸಿ, ಪ್ರತಿ ಜಾಗದಲ್ಲೂ ಎಷ್ಟು ನಕ್ಷತ್ರಗಳಿವೆ ಎಂದು ಎಣಿಸಿದ. ಅವನು ಎಣಿಸಿ ಹೇಳುತ್ತಿದ್ದರೆ ತಂಗಿ ಕ್ಯಾರೊಲಿನ್ ಬರೆದುಕೊಳ್ಳುತ್ತಿದ್ದಳು. ಹೆಚ್ಚು ನಕ್ಷತ್ರ ಕಂಡ ದಿಕ್ಕಿನಲ್ಲಿ ಆಕಾಶಗಂಗೆ ಹೆಚ್ಚು ದೂರ ಚಾಚಿಕೊಂಡಿದೆ ಎಂಬುದು ಅವನ ಲೆಕ್ಕ. 1785ರಲ್ಲಿ ಆಕಾಶಗಂಗೆಯ ನಕ್ಷೆ ಬರೆದಾಗ ಸೂರ್ಯ ಅದರ ನಡುವಿನ ಹತ್ತಿರವೇ ಬಂದು ಕೂತಿದ್ದ. ಎಣಿಕೆಯಲ್ಲಿ ತಪ್ಪಿರಲಿಲ್ಲ. ನಕ್ಷತ್ರಗಳ ನಡುವೆ ಧೂಳು ತುಂಬಿದೆ, ದೂರದ ಬೆಳಕನ್ನು ಅದು ನುಂಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಆ ಧೂಳನ್ನು ರಾಬರ್ಟ್ ಟ್ರಂಪ್ಲರ್ ಸಾಬೀತು ಮಾಡಿದ್ದು 1930ರಲ್ಲಿ. ಹರ್ಷೆಲ್ ನಿಂತಿದ್ದು ದೇವಿಮನೆಯ ಮಂಜಿನಲ್ಲಿ.

ಇದೇ ಹರ್ಷೆಲ್‌ನ ಮೊಮ್ಮಗ, ಸೇನಾ ಎಂಜಿನಿಯರ್ ಜಾನ್ ಹರ್ಷೆಲ್, 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣ ನೋಡಲು ನಮ್ಮ ಜಮಖಂಡಿಗೆ ಬಂದಿದ್ದ. ಮೋಡಗಳ ನಡುವೆ ಸಿಕ್ಕ ಅಷ್ಟೇ ಹೊತ್ತಿನಲ್ಲಿ ಸೂರ್ಯನ ಅಂಚಿನ ಜ್ವಾಲೆಯ ಬೆಳಕನ್ನು ರೋಹಿತದರ್ಶಕದಲ್ಲಿ ಹಿಡಿದ. ಬಣ್ಣದ ಗೆರೆಗಳು ಕಂಡವು, ಅಂದರೆ ಅದು ಕಾದ ಅನಿಲ ಎಂದು ಗೊತ್ತಾಯಿತು. ಅಜ್ಜ ನಕ್ಷತ್ರಗಳ ಜಾಗ ಹುಡುಕಿದರೆ ಮೊಮ್ಮಗ ಒಂದು ನಕ್ಷತ್ರ ಯಾವುದರಿಂದ ಆಗಿದೆ ಎಂದು ಹುಡುಕುತ್ತಿದ್ದ. ಜಮಖಂಡಿಯ ಶಾಲೆಗಳಲ್ಲಿ ಈ ಸಂಗತಿ ಹೇಳಿಕೊಡಬೇಕು ಎಂಬುದು ನನ್ನ ಬಹುಕಾಲದ ಆಸೆ.

ಮಂಜಿನಿಂದ ಹೊರಬರುವ ದಾರಿ ತೋರಿಸಿದವನು ಅಮೆರಿಕದ ಹಾರ್ಲೋ ಶಾಪ್ಲಿ. ಘಟ್ಟದಲ್ಲಿ ಕೆಳಗೆಲ್ಲ ಮಂಜಿದ್ದರೂ ಗುಡ್ಡಗಳ ನೆತ್ತಿ ಅದರ ಮೇಲೆ ಎದ್ದು ಕಾಣುತ್ತದೆ. ಆ ನೆತ್ತಿಗಳು ಯಾವುದರ ಸುತ್ತ ನೆರೆದಿವೆ ಎಂದು ನೋಡಿದರೆ ಕಣಿವೆ ಎಲ್ಲಿದೆ ಎಂದು ಹೇಳಬಹುದು. ಆಕಾಶಗಂಗೆಯ ಧೂಳು ತಟ್ಟೆಯಂಥ ಪದರದಲ್ಲಿದೆ. ಅದರ ಮೇಲೂ ಕೆಳಗೂ, ಲಕ್ಷಾಂತರ ನಕ್ಷತ್ರಗಳು ಉಂಡೆಕಟ್ಟಿದಂಥ ಗೋಳಗುಚ್ಛಗಳಿವೆ. ಶಾಪ್ಲಿ 1918ರ ಹೊತ್ತಿಗೆ ಅವುಗಳ ದೂರ ಅಳೆದು ನೋಡಿದರೆ ಅವು ನಮ್ಮ ಸುತ್ತ ಇರಲೇ ಇಲ್ಲ. ಧನು ರಾಶಿಯ ದಿಕ್ಕಿನಲ್ಲಿ, ಬಹುದೂರದ ಒಂದು ಬಿಂದುವಿನ ಸುತ್ತ ನೆರೆದಿದ್ದವು. ಅವನು ಹೇಳಿದ ದೂರ ನಿಜಕ್ಕಿಂತ ಎರಡು ಪಟ್ಟು ಹೆಚ್ಚೇ ಇತ್ತು, ಆದರೆ ದಿಕ್ಕು ಸರಿ. ಆ ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ಈಚೆಗೆ ನಮ್ಮ ಸೂರ್ಯನಿದ್ದಾನೆ. ಒಂದು ಸುತ್ತು ಮುಗಿಸಲು ಅವನಿಗೆ 20 ಕೋಟಿ ವರ್ಷಕ್ಕೂ ಹೆಚ್ಚು ಬೇಕು.

ಆಮೇಲೆ ಆಕಾಶಗಂಗೆಯೂ ಒಂಟಿಯಲ್ಲ ಎಂದು ಎಡ್ವಿನ್ ಹಬಲ್ ತೋರಿಸಿದ. 1929ರಲ್ಲಿ ಅವನೇ, ದೂರದ ಗೆಲಾಕ್ಸಿಗಳೆಲ್ಲ ನಮ್ಮಿಂದ ದೂರ ಹೋಗುತ್ತಿವೆ, ಹೆಚ್ಚು ದೂರದವು ಹೆಚ್ಚು ವೇಗದಲ್ಲಿ, ಎಂಬ ಫಲಿತಾಂಶ ಪ್ರಕಟಿಸಿದ. ಇಲ್ಲಿ ಓದುಗರು ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. ಎಲ್ಲವೂ ನಮ್ಮಿಂದಲೇ ದೂರ ಓಡುವುದಾದರೆ ನಡುವೆ ಇರುವುದು ನಾವೇ ಅಲ್ಲವೇ? ಬೇಕರಿಯ ಟೂಟಿ ಫ್ರೂಟಿ ಬನ್ನನ್ನು ನೆನಪು ಮಾಡಿಕೊಳ್ಳಿ. ಕಲಸಿಟ್ಟ ಹಿಟ್ಟು ಉಬ್ಬುವಾಗ ಅದರೊಳಗಿನ ಪ್ರತಿಯೊಂದು ಕೆಂಪು ಹಸಿರು ಚೂರೂ ಉಳಿದ ಎಲ್ಲ ಚೂರುಗಳಿಂದ ದೂರವಾಗುತ್ತದೆ. ಯಾವ ಚೂರಿನ ಮೇಲೆ ಕೂತು ನೋಡಿದರೂ ಉಳಿದವು ತನ್ನಿಂದಲೇ ದೂರ ಹೋದಂತೆ, ದೂರದವು ಬೇಗ ಬೇಗ ಹೋದಂತೆ ಕಾಣುತ್ತದೆ. ಬನ್ನಿಗಾದರೆ ಅಂಚಿದೆ. ವಿಶ್ವಕ್ಕೆ ಅಂಚು ಎಂಬುದು ಈವರೆಗೆ ಕಂಡಿಲ್ಲ. ಹುಡುಗಿ ಕೇಳಿದ ಗೋಡೆ ಇಲ್ಲ. ಗೋಡೆ ಇಲ್ಲದಲ್ಲಿ ನಡುವೂ ಇಲ್ಲ, ಮೂಲೆಯೂ ಇಲ್ಲ.

ಇದೆಲ್ಲ ಬರೀ ಊಹೆಯಲ್ಲವೇ ಎಂದು ಚಾಮರಾಜನಗರದ ಓದುಗರೊಬ್ಬರು ಕೇಳಿದ್ದರು. ತೂಕದ ಪ್ರಶ್ನೆ. ಆರ್ನೊ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಆಕಾಶದ ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಬರುವ ಮೈಕ್ರೋವೇವ್ ವಿಕಿರಣದ ಸುದ್ದಿ ಪ್ರಕಟಿಸಿದ್ದು 1965ರಲ್ಲಿ. ಅದು ವಿಶ್ವದ ಎಳೆಗಾಲದ ಶಾಖದ ಉಳಿಕೆ, ಈಗ 2.7 ಕೆಲ್ವಿನ್‌ಗೆ ತಣ್ಣಗಾಗಿದೆ. ಎಲ್ಲ ಕಡೆಯಿಂದ ಒಂದೇ ಸಮ ಬರುವುದಕ್ಕೆ ಎರಡು ಕಾರಣ ಇರಬಹುದು: ಒಂದೋ ನಾವು ಸರಿಯಾಗಿ ನಡುವೆ ಇದ್ದೇವೆ, ಇಲ್ಲವೇ ಎಲ್ಲ ಕಡೆಯೂ ಹೀಗೆಯೇ ಇದೆ. ಇಲ್ಲಿ ನಿಂತು ಇದನ್ನು ತೀರ್ಮಾನಿಸುವುದು ಕಷ್ಟ, ಅಲ್ಲಿಗೇ ಹೋಗಿ ಅಳೆಯಬೇಕು. ಹೋಗಲಾಗದ ಕಡೆಗೆ ಹೋದಂತೆಯೇ ಅಳೆದವರಿದ್ದಾರೆ. ಪುಣೆಯ ಅಯೂಕಾ ಸಂಸ್ಥೆಯ ಆರ್. ಶ್ರೀಆನಂದ್ ಮತ್ತು ಅವರ ಇಬ್ಬರು ಸಂಗಡಿಗರು ಬಹುದೂರದ ಒಂದು ಅನಿಲ ಮೋಡವನ್ನು ಚಿಲಿಯ ದೊಡ್ಡ ದೂರದರ್ಶಕದಿಂದ ಅಧ್ಯಯನ ಮಾಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಮೋಡದ ಬೆಳಕಿನ ಗುರುತು ನಮ್ಮತ್ತ ಹೊರಟಿದ್ದು ಸಾವಿರ ಕೋಟಿ ವರ್ಷಗಳಿಗೂ ಹಿಂದೆ. ಅದರೊಳಗಿನ ಇಂಗಾಲದ ಪರಮಾಣುಗಳು ತಮಗೆ ತಗಲುತ್ತಿದ್ದ ಶಾಖದ ಸುಳಿವನ್ನು ಆ ಬೆಳಕಿನಲ್ಲೇ ಬಿಟ್ಟಿದ್ದವು: 6ರಿಂದ 14 ಕೆಲ್ವಿನ್ ನಡುವೆ. ಸಿದ್ಧಾಂತ ಆ ಕಾಲಕ್ಕೆ ಹೇಳುತ್ತಿದ್ದುದು ಸುಮಾರು 9. ಅಂದರೆ ಈ ಶಾಖ ನಮ್ಮ ಊರಿನ ಸುತ್ತಮುತ್ತಲಿನದಲ್ಲ, ಅಲ್ಲೂ ಇತ್ತು. ಆಗ ಇರಬೇಕಾದಷ್ಟೇ ಇತ್ತು. ಇದನ್ನು ಓದಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಒಂದು ಅರ್ಥದಲ್ಲಿ ಮಾತ್ರ ನಾವು ನಡುವೆ ಇದ್ದೇವೆ. ವಿಶ್ವಕ್ಕೆ 1,380 ಕೋಟಿ ವರ್ಷ ವಯಸ್ಸು. ಅಷ್ಟರೊಳಗೆ ನಮಗೆ ಬೆಳಕು ತಲುಪಿದ ಭಾಗವಷ್ಟೇ ನಮಗೆ ಕಾಣುವ ವಿಶ್ವ. ಅದು ನಮ್ಮ ಸುತ್ತ ದುಂಡಗಿದೆ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋದ ಪ್ರತಿ ಬೋಟಿಗೂ ತನ್ನದೇ ದಿಗಂತ ಇರುತ್ತದಲ್ಲ, ಹಾಗೆ.

ಇನ್ನು ಅವಮಾನದ ಮಾತಿಗೆ ಬರುತ್ತೇನೆ. ಕೇಂದ್ರದಲ್ಲಿದ್ದ ಮನುಷ್ಯನನ್ನು ವಿಜ್ಞಾನ ಸಿಂಹಾಸನದಿಂದ ಕೆಳಗಿಳಿಸಿತು ಎಂದು ಶಾಲೆಯ ಪುಸ್ತಕಗಳಿಂದ ಭಾಷಣಗಳವರೆಗೆ ಎಲ್ಲರೂ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಅರಿಸ್ಟಾಟಲನ ವಿಶ್ವದಲ್ಲಿ ನಡು ಎಂದರೆ ತಳ. ಭಾರದ್ದೆಲ್ಲ ಬಂದು ಬೀಳುವ ಜಾಗ. ಮೇಲಿನ ಗ್ರಹ ತಾರೆಗಳೆಲ್ಲ ನಾಶವಿಲ್ಲದ ಶುದ್ಧ ವಸ್ತು, ಕೊಳೆಯುವುದು ಸಾಯುವುದು ಎಲ್ಲ ಇಲ್ಲಿ ಮಾತ್ರ. ಕವಿ ಡಾಂಟೆ ನರಕವನ್ನು ಇಟ್ಟಿದ್ದು ಭೂಮಿಯ ಒಡಲಿನಲ್ಲಿ, ಸೈತಾನನನ್ನು ಅದರ ನಟ್ಟನಡುವೆ. ಬಿದಿಗೆ ತದಿಗೆಯ ಸಂಜೆ ಚಂದ್ರನ ತೆಳು ಗೆರೆಯ ಜೊತೆಗೆ ಉಳಿದ ಭಾಗವೂ ಬೂದಿ ಬಣ್ಣದಲ್ಲಿ ಮಸುಕಾಗಿ ಕಾಣುವುದನ್ನು ನೀವು ನೋಡಿರಬಹುದು. ಅದು ಭೂಮಿಯಿಂದ ಚಿಮ್ಮಿ ಚಂದ್ರನ ಮೇಲೆ ಬಿದ್ದ ಬೆಳಕು. ಗೆಲಿಲಿಯೋ 1610ರಲ್ಲಿ ಇದನ್ನೇ ಹಿಡಿದು ವಾದಿಸಿದ: ಭೂಮಿ ವಿಶ್ವದ ಕೊಳೆ ಬಂದು ಸೇರುವ ಗುಂಡಿಯಲ್ಲ, ಅದೂ ಚಂದ್ರನಂತೆಯೇ ಹೊಳೆಯುವ, ಚಲಿಸುವ ಒಂದು ಆಕಾಶಕಾಯ. ಭೂಮಿಯನ್ನು ನಡುವಿನಿಂದ ಎತ್ತಿದವರು ಅದನ್ನು ಮೇಲಕ್ಕೇ ಎತ್ತಿದರು.

ನಮ್ಮ ಕಡೆಯ ಹಳೆಯ ಕಲ್ಪನೆಗಳಲ್ಲಿಯೂ ಭೂಮಿಯ ಹೆಚ್ಚುಗಾರಿಕೆ ಬರೀ ನಡುವಿನ ಜಾಗಕ್ಕೆ ಸೇರಿದ್ದಲ್ಲ. ಜೈನರ ಲೋಕದ ಚಿತ್ರವನ್ನು ಬಸದಿಗಳಲ್ಲಿ ನೋಡಿದವರಿಗೆ ಗೊತ್ತು; ಮಧ್ಯಲೋಕ ಎಂಬುದು ಆ ಆಕೃತಿಯ ನಡುವಿನ ತೆಳುವಾದ ಪದರ. ಆದರೂ ಮೋಕ್ಷಕ್ಕೆ ದಾರಿ ಇರುವುದು ಅಲ್ಲಿನ ಕರ್ಮಭೂಮಿಯಲ್ಲಿ, ಮನುಷ್ಯ ಜನ್ಮದಲ್ಲಿ ಮಾತ್ರ. ಪುರಾಣಗಳಲ್ಲಿಯೂ ಸ್ವರ್ಗ ಭೋಗಭೂಮಿ, ಪುಣ್ಯ ಮುಗಿದ ಮೇಲೆ ಇಲ್ಲಿಗೇ ಬರಬೇಕು. ಇದನ್ನು ವಿಜ್ಞಾನ ಎಂದು ಹೇಳುತ್ತಿಲ್ಲ. ಎಲ್ಲಿದೆ ಎಂಬುದು ಒಂದು ಪ್ರಶ್ನೆ, ಅಲ್ಲಿ ಏನು ಸಾಧ್ಯ ಎಂಬುದು ಇನ್ನೊಂದು ಎಂದು ನಮ್ಮ ಹಿರಿಯರು ಬಿಡಿಸಿ ನೋಡಿದ್ದರು ಎಂದಷ್ಟೇ ಹೇಳುತ್ತಿದ್ದೇನೆ.

ಆ ಎರಡನೆಯ ಪ್ರಶ್ನೆಯಲ್ಲಿ "ನಾವು ತೀರಾ ಸಾಮಾನ್ಯ" ಎಂಬ ಉತ್ತರವೂ ನಿಲ್ಲುವುದಿಲ್ಲ. ವಿಶ್ವದ ಸಾಮಾನ್ಯ ಜಾಗ ಹೇಗಿರುತ್ತದೆ ಗೊತ್ತೇ? ಕಣ್ಣು ಮುಚ್ಚಿ ಎಲ್ಲಾದರೂ ಬೆರಳಿಟ್ಟರೆ ಅದು ಗೆಲಾಕ್ಸಿಗಳ ನಡುವಿನ ಕತ್ತಲೆಯಲ್ಲಿ ಬೀಳುತ್ತದೆ. ವಿಶ್ವದ ಸಾಧಾರಣ ದ್ರವ್ಯವನ್ನೆಲ್ಲ ಪುಡಿ ಮಾಡಿ ಸಮನಾಗಿ ಹರಡಿದರೆ ನಾಲ್ಕು ಘನ ಮೀಟರಿಗೆ ಸುಮಾರು ಒಂದು ಹೈಡ್ರೋಜನ್ ಪರಮಾಣು ಸಿಗುತ್ತದೆ, ಅಷ್ಟೇ. ಒಂದು ಹಿಡಿ ಮಣ್ಣು ಕೈಗೆ ಸಿಗುವುದೇ ಅಪರೂಪದ ಸಂಗತಿ. ಸೂರ್ಯ ಸರಾಸರಿ ನಕ್ಷತ್ರ ಎಂದು ನಾವೆಲ್ಲ ಓದಿದ್ದೇವೆ. ಅದೂ ಪೂರ್ತಿ ಸರಿಯಲ್ಲ. ನೂರು ನಕ್ಷತ್ರಗಳಲ್ಲಿ ಎಪ್ಪತ್ತೈದರಷ್ಟು ಸೂರ್ಯನಿಗಿಂತ ಚಿಕ್ಕ, ಮಂಕಾದ ಕೆಂಪು ಕುಬ್ಜಗಳು. ಬೇರೆ ನಕ್ಷತ್ರಗಳ ಸುತ್ತ ಈಗಾಗಲೇ 5,500ಕ್ಕೂ ಹೆಚ್ಚು ಗ್ರಹಗಳು ಖಚಿತವಾಗಿವೆ, ಗ್ರಹಗಳಿಗೆ ಬರವಿಲ್ಲ. ಆದರೆ ಭೂಮಿಯಷ್ಟೇ ದೊಡ್ಡದಾಗಿದ್ದ ಮಾತ್ರಕ್ಕೆ ಭೂಮಿಯಾಗುವುದಿಲ್ಲ. ಪಕ್ಕದ ಶುಕ್ರನನ್ನೇ ನೋಡಿ: ಗಾತ್ರದಲ್ಲಿ ನಮ್ಮ ಭೂಮಿಯ ಅವಳಿ, ನೆಲದ ಶಾಖ 460 ಡಿಗ್ರಿ ಸೆಲ್ಸಿಯಸ್.

ಹಾಗಾದರೆ ಯಾರೋ ನಮಗಾಗಿಯೇ ಈ ಜಾಗವನ್ನು ಅಣಿ ಮಾಡಿದರೇ? ಇದಕ್ಕೆ ನಾನು ನಮ್ಮ ಅಡಿಕೆ ತೋಟವನ್ನು ತೋರಿಸುತ್ತೇನೆ. ಅಡಿಕೆಗೆ ಸದಾ ತೇವ ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ತೆಂಕು ಪಡುವಣದ ಬಿಸಿಲು ನೇರವಾಗಿ ಹೊಡೆದರೆ ಕಾಂಡ ಸುಟ್ಟು ಸೀಳುತ್ತದೆ. ಅದಕ್ಕೇ ಮಲೆನಾಡಿನ ತೋಟಗಳೆಲ್ಲ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ, ಹಳ್ಳದ ಪಕ್ಕದಲ್ಲಿ, ಸೊಪ್ಪಿನ ಬೆಟ್ಟದ ನೆರಳಿನಲ್ಲಿ ಇವೆ. ತೋಟದ ಮರಕ್ಕೆ ಬಾಯಿ ಬಂದರೆ "ನನಗೆ ಬೇಕಾದ್ದೆಲ್ಲ ಇಲ್ಲೇ ಹೇಗೆ ಕೂಡಿ ಬಂತು" ಎಂದು ಕೇಳೀತು. ಇಲ್ಲಿ ಕೂಡಿ ಬಂದದ್ದರಿಂದಲೇ ಅದು ಇಲ್ಲಿ ನಿಂತಿದೆ. ಬೋಳು ಗುಡ್ಡದ ಮೇಲೆ ನಿಂತು ಈ ಪ್ರಶ್ನೆ ಕೇಳಲು ಅಡಿಕೆ ಮರ ಇರುವುದಿಲ್ಲ. 1973ರಲ್ಲಿ, ಕೋಪರ್ನಿಕಸ್ ಹುಟ್ಟಿ 500 ವರ್ಷವಾದ ನೆನಪಿಗೆ ಪೋಲೆಂಡಿನಲ್ಲಿ ವಿಜ್ಞಾನಿಗಳು ಸೇರಿದ್ದಾಗ ಬ್ರಾಂಡನ್ ಕಾರ್ಟರ್ ಈ ವಿಚಾರವನ್ನೇ ಮಂಡಿಸಿದ: ನಾವು ಕೇಂದ್ರದಲ್ಲಿ ಇರಬೇಕೆಂದಿಲ್ಲ, ಆದರೆ ನೋಡುವವರು ಬದುಕಲು ಆಗುವಂಥ ಜಾಗದಲ್ಲಿ, ಆಗುವಂಥ ಕಾಲದಲ್ಲಿಯೇ ಇರಬೇಕು.

ಕಾಲ ಎಂಬ ಮಾತನ್ನು ನಾವು ಮರೆಯುತ್ತೇವೆ. ಬೆಂಗಳೂರಿನ ಲಾಲ್‌ಬಾಗಿಗೆ ಹೋದಾಗಲೆಲ್ಲ ಅಲ್ಲಿನ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕೂರುತ್ತೇನೆ. ಬೂದು ಬಂಡೆಯಲ್ಲಿ ಬಿಳಿ ಪಟ್ಟೆಗಳು ರಂಗೋಲಿ ಎಳೆದಂತೆ ಹರಿದಿವೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಆ ಕಲ್ಲು ಮೂಡಿದಾಗ ಭೂಮಿಯ ಗಾಳಿಯಲ್ಲಿ ನಾವು ಉಸಿರಾಡುವ ಆಮ್ಲಜನಕ ಇರಲಿಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳದ್ದೇ ಲೋಕ. ಪ್ರಾಣಿಗಳು ಬಂದದ್ದು ಸುಮಾರು 60 ಕೋಟಿ ವರ್ಷಗಳ ಈಚೆಗೆ. ಇದೇ ಭೂಮಿ, ಇದೇ ಜಾಗ, ಆದರೆ ಅದರ ಬಾಳಿನ ಬಹುಪಾಲು "ನಾನು ಎಲ್ಲಿದ್ದೇನೆ" ಎಂದು ಕೇಳುವವರಿಲ್ಲದೆ ಕಳೆಯಿತು. ಬೇರೆ ಕಡೆ ಬದುಕು ಇದೆಯೇ ಎಂಬ ಲೆಕ್ಕಕ್ಕೆ ನಮ್ಮ ಕೈಯಲ್ಲಿರುವುದು ಈ ಒಂದೇ ಉದಾಹರಣೆ. ಒಂದು ಅಗುಳು ನೋಡಿ ಅನ್ನ ಬೆಂದಿದೆ ಎನ್ನಬಹುದು, ಏಕೆಂದರೆ ಪಾತ್ರೆ ಒಂದೇ, ಬೆಂಕಿ ಒಂದೇ. ಇಲ್ಲಿ ಹಾಗೆ ಹೇಳಲಾಗದು.

ಜಾಗ, ಕಾಲ ಎರಡೂ ಕೂಡಿ ಬರುವುದೆಂದರೆ ಏನು ಎಂದು ನಾನು ಕಣ್ಣಾರೆ ಕಂಡದ್ದು 1980ರ ಫೆಬ್ರವರಿ 16ರ ಶನಿವಾರ. ಅಂದು ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರ ಅಂಕೋಲೆಯ ಕರಾವಳಿಗೆ ಬಂದು ಹುಬ್ಬಳ್ಳಿ, ರಾಯಚೂರು ಸೀಮೆ ಹಾದುಹೋಯಿತು. ನಾನಾಗ ಹತ್ತು ವರ್ಷದವನು. ಬೆಳಿಗ್ಗೆಯೇ ಅಜ್ಜಿ ಉಪ್ಪಿನಕಾಯಿ ಭರಣಿಯ ಮೇಲೆ, ಮೊಸರಿನ ಪಾತ್ರೆಯಲ್ಲಿ ದರ್ಭೆ ಇಟ್ಟು, ಹೊರಗೆ ಹೋಗಬೇಡಿ ಎಂದು ಗದರಿದ್ದಳು. ಅಪ್ಪ ಏನೂ ಹೇಳದೆ ನನ್ನ ಕೈ ಹಿಡಿದು ಅಂಕೋಲೆಯ ಬಸ್ ಹತ್ತಿಸಿದ.

ಕಡಲದಂಡೆಯ ಹತ್ತಿರ ಚಹಾದಂಗಡಿಗೆ ತೆಂಗಿನ ಗರಿಯ ಚಪ್ಪರವಿತ್ತು. ಗರಿಗಳ ಸಂದಿಯಿಂದ ಇಳಿಯುವ ಬಿಸಿಲು ನೆಲದ ಮೇಲೆ ಯಾವಾಗಲೂ ದುಂಡು ದುಂಡು ಬೊಟ್ಟು ಇಡುತ್ತದೆ. ಅಂದು ಮಧ್ಯಾಹ್ನ ಆ ಬೊಟ್ಟುಗಳೆಲ್ಲ ಒಂದು ಬದಿಯಿಂದ ಸವೆಯುತ್ತ ಬಂದು ಕುಡುಗೋಲಿನಂತಾದವು. ಮರಳಿನ ಮೇಲೆ, ಅಪ್ಪನ ಬಿಳಿ ಅಂಗಿಯ ಮೇಲೆ, ನನ್ನ ಅಂಗೈಯಲ್ಲಿ ನೂರಾರು ಪುಟ್ಟ ಸೂರ್ಯರು. ಮೂರೂವರೆ ದಾಟಿತ್ತು. ಬಿಸಿಲು ಬಣ್ಣ ಕಳೆದುಕೊಂಡಿತು, ಸಮುದ್ರದ ಕಡೆಯಿಂದ ಕತ್ತಲೆ ಓಡಿ ಬಂತು. ನೆತ್ತಿಯ ಹತ್ತಿರ ಶುಕ್ರ ಹೊಳೆಯಿತು. ಕಾಗೆಗಳು ಗಾಳಿಮರದ ತೋಪಿಗೆ ಗುಂಪಾಗಿ ಹಾರಿದವು. ಕಪ್ಪು ಬಿಲ್ಲೆಯ ಸುತ್ತ ಸೂರ್ಯನ ಕಿರೀಟ ಬೆಳ್ಳಗೆ ಹರಡಿತ್ತು. ಅಪ್ಪ ಮೆಲ್ಲಗೆ ಹೇಳಿದ: "ತಮಾ, ಇದು ಇಲ್ಲಿ ಮಾತ್ರ ಕಾಣ್ತದೆ, ನೋಡು."

ಇಲ್ಲಿ ಎಂದರೆ ಅಂಕೋಲೆ ಎಂದು ಆಗ ಅರ್ಥ ಮಾಡಿಕೊಂಡಿದ್ದೆ. ಅವನ ಮಾತಿನಲ್ಲಿ ಅದಕ್ಕಿಂತ ಹೆಚ್ಚಿನ ನಿಜವಿತ್ತು. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಸುಮಾರು 400 ಪಟ್ಟು ದೂರದಲ್ಲೂ ಇದ್ದಾನೆ. ಅದಕ್ಕೇ ಎರಡೂ ಬಿಲ್ಲೆಗಳು ಒಂದರ ಮೇಲೊಂದು ಕೂರುತ್ತವೆ. ಮಂಗಳನ ನೆಲದಿಂದ ನೋಡಿದರೆ ಅದರ ಎರಡೂ ಚಂದ್ರರು ಸೂರ್ಯನನ್ನು ಮುಚ್ಚಲಾರದಷ್ಟು ಚಿಕ್ಕವರು. ನಮ್ಮಲ್ಲೂ ಈ ಹೊಂದಿಕೆ ಕೂದಲೆಳೆಯ ಮೇಲಿದೆ. ಚಂದ್ರ ತನ್ನ ದಾರಿಯಲ್ಲಿ ಸ್ವಲ್ಪ ದೂರ ಇದ್ದಾಗ ಏನಾಗುತ್ತದೆಂದು 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನವರು ನೋಡಿದ್ದಾರೆ: ಸೂರ್ಯ ಪೂರ್ತಿ ಮುಚ್ಚದೆ ಬೆಂಕಿಯ ಬಳೆಯಾಗಿ ಉಳಿದ. ಇನ್ನು ಕಾಲದ ಮಾತು. 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಇಟ್ಟು ಬಂದ ಪ್ರತಿಫಲಕಕ್ಕೆ, ಆಮೇಲೆ ಇಟ್ಟ ಅಂಥವಕ್ಕೆ ಲೇಸರ್ ಬಿಟ್ಟು ಅಳೆದಾಗ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ ಎಂದು ತಿಳಿಯಿತು. ಇನ್ನು 60 ಕೋಟಿ ವರ್ಷಗಳ ಹೊತ್ತಿಗೆ ಅವನು ಸೂರ್ಯನನ್ನು ಪೂರ್ತಿ ಮುಚ್ಚಲಾರ. ಆಮೇಲೆ ಭೂಮಿಯ ಮೇಲೆ ಯಾರಿದ್ದರೂ ಅವರಿಗೆ ಬಳೆಯೇ ಗತಿ.

ಎರಡೂವರೆ ನಿಮಿಷವೋ ಏನೋ, ಪಡುವಣ ಅಂಚಿನಿಂದ ಒಂದು ಕಿಡಿ ಸಿಡಿಯಿತು, ದಂಡೆಯ ತುಂಬ ಜನ ಒಮ್ಮೆಲೇ ಕೂಗಿದರು. ಅಪ್ಪ ನನ್ನನ್ನು ಮತ್ತೆ ಚಪ್ಪರದ ಕೆಳಗೆ ಕರೆದೊಯ್ದು ನೆಲ ತೋರಿಸಿದ. ಕುಡುಗೋಲುಗಳು ಮರಳಿ ಬಂದಿದ್ದವು, ಆದರೆ ಈಗ ಅವುಗಳ ಕೊಂಬು ಇನ್ನೊಂದು ಬದಿಗೆ ತಿರುಗಿತ್ತು.